ಭುಜ ನೋವು ಒಂದೇ, ಚಿಕಿತ್ಸೆ ಬೇರೆ ಯಾಕೆ?

ಪ್ರಶ್ನೆ: ನನಗೆ 53 ವರ್ಷ, ಶುಗರ್ ಇದೆ. ಮೂರು ತಿಂಗಳಿಂದ ಬಲ ಭುಜ ನೋವು. ಜಡೆ ಹಾಕಲು ಕೈ ಎತ್ತಲಾಗುತ್ತಿಲ್ಲ. ಫಿಸಿಯೋಥೆರಪಿಸ್ಟ್ ಸ್ಕ್ಯಾನ್ ಕೇಳಲೇ ಇಲ್ಲ. ಕೈ ಹಿಡಿದು ತಿರುಗಿಸಿ ನೋಡಿ ‘ಫ್ರೋಜನ್ ಶೋಲ್ಡರ್’ ಅಂದರು, ಹಗುರ ವ್ಯಾಯಾಮ ಕೊಟ್ಟರು. ನಾದಿನಿಗೂ ಭುಜ ನೋವೇ, ಆಕೆಯಿಂದ ತೂಕ ಎತ್ತಿಸುತ್ತಿದ್ದಾರೆ. ಇದೆಲ್ಲ ಸುಮ್ನೆ ಅಂದಾಜಾ?

ಉತ್ತರ: ಅಂದಾಜೇ, ಆದರೆ ಪರೀಕ್ಷೆ ಮಾಡಿ ಮಾಡಿ ಗಟ್ಟಿಯಾಗುವ ಅಂದಾಜು. ನೀವು ವಯಸ್ಸು, ಶುಗರ್ ಹೇಳುತ್ತಿದ್ದಂತೆ ಅವರಿಗೆ ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ಬಿಗಿದುಕೊಳ್ಳುವ ತೊಂದರೆ, ನೆನಪಾಗಿರುತ್ತದೆ. ಇದು 40ರಿಂದ 60ರೊಳಗೆ, ಅದರಲ್ಲೂ ಶುಗರ್ ಇರುವವರಲ್ಲಿ ಜಾಸ್ತಿ. ಅಷ್ಟಕ್ಕೇ ತೀರ್ಮಾನ ಮಾಡಿದರೆ ತಪ್ಪಾದೀತು. ಕುತ್ತಿಗೆಯ ನರ ಒತ್ತಿದರೂ ಭುಜ ನೋಯುತ್ತದೆ. ಅದಕ್ಕೇ ಕುತ್ತಿಗೆ ತಿರುಗಿಸಲು ಹೇಳುತ್ತಾರೆ, ಬೆರಳು ಜುಮ್ಮೆನ್ನುತ್ತದಾ ಅಂತ ಕೇಳುತ್ತಾರೆ. ನಡೆಯುವಾಗ, ಮೆಟ್ಟಿಲು ಹತ್ತುವಾಗ ಮಾತ್ರ ನೋವು ಬಂದರೆ ಮೊದಲು ಹೃದಯದ ತಪಾಸಣೆಗೆ ಕಳಿಸಬೇಕು.

ನಿಜವಾದ ಸುಳಿವು ಸಿಗುವುದು ಕೈ ತಿರುಗಿಸುವಾಗ. ಮೊಣಕೈಯನ್ನು ಪಕ್ಕೆಗೆ ಒತ್ತಿಸಿ, ಮುಂಗೈಯನ್ನು ಹೊರಕ್ಕೆ ತಿರುಗಿಸಿರಬೇಕಲ್ವಾ? ಮೊದಲು ನೀವಾಗಿಯೇ, ಆಮೇಲೆ ಅವರು ಹಿಡಿದು. ಎರಡು ಸಲವೂ ಒಂದೇ ಕಡೆ ಗಕ್ಕನೆ ನಿಂತರೆ ಕೀಲಿನ ಸುತ್ತಲಿನ ಚೀಲ ಬಿಗಿದಿದೆ, ಅಂದರೆ ಫ್ರೋಜನ್ ಶೋಲ್ಡರ್ ಅಂತ ಅನುಮಾನ. ಅವರು ಎತ್ತಿದರೆ ಕೈ ಮೇಲೆ ಹೋಗುತ್ತದೆ, ನೀವೇ ಎತ್ತಿದರೆ ಬರುವುದಿಲ್ಲ ಅಂದರೆ ಸ್ನಾಯು ಅಥವಾ ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವಿನ ತೊಂದರೆ ಇರಬಹುದು. ನಾದಿನಿಯದು ಬಹುಶಃ ಈ ಬಗೆ. ಅಂಥವರಿಗೆ ನಿಧಾನವಾಗಿ ಭಾರ ಕೊಟ್ಟು ಬಲ ತುಂಬಬೇಕು. ಕೀಲು ಸವೆದಿದ್ದರೂ ಫ್ರೋಜನ್ ಶೋಲ್ಡರ್‌ನಂತೆಯೇ ಕೈ ಬಿಗಿಯಾಗುತ್ತದೆ. ಆ ಅನುಮಾನ ಬಂದರೆ ಒಂದು ಎಕ್ಸ್‌ರೇ ಸಾಕು.

ಕಾಯಿಲೆಯ ಹೆಸರು ಸಿಕ್ಕಿದರೂ ವ್ಯಾಯಾಮ ಎಷ್ಟು ಅನ್ನುವುದು ಬೇರೆ ಲೆಕ್ಕ. ವ್ಯಾಯಾಮ ಮುಗಿದು ಹತ್ತು ನಿಮಿಷಕ್ಕೆ ನೋವು ಇಳಿಯುತ್ತದಾ, ರಾತ್ರಿಯೆಲ್ಲ ನಿದ್ದೆ ಕೆಡಿಸುತ್ತದಾ? ಕೆಡಿಸಿದರೆ ಕೀಲು ಇನ್ನೂ ಕೆರಳಿದೆ ಅಂತ ಅರ್ಥ, ಹಗುರ ವ್ಯಾಯಾಮವೇ ಸರಿ. ನೋವು ಇಳಿದು ಬಿಗಿತ ಮಾತ್ರ ಉಳಿದಾಗ ಜೋರಾಗಿ ಎಳೆಯಬಹುದು. ಆರಂಭದಲ್ಲೇ ಬಲವಂತವಾಗಿ ಎಳೆಯುವುದು ನನಗಂತೂ ಒಪ್ಪಿಗೆಯಿಲ್ಲ.

ನೋವು ತಡೆಯಲಾಗದಿದ್ದರೆ ವೈದ್ಯರು ಕೀಲಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡಬಹುದು. ಆದರೆ ಅದರಿಂದ ಕೆಲವು ದಿನ ಶುಗರ್ ಏರುತ್ತದೆ, ನಿಮಗೆ ಶುಗರ್ ಇದೆ ಅಂತ ಮೊದಲೇ ಹೇಳಿಬಿಡಿ. ಕೆಲವು ವಾರ ಕಳೆದರೂ ರಾತ್ರಿ ನೋವು ಕಡಿಮೆಯಾಗದಿದ್ದರೆ ಅಥವಾ ಕೈಯ ಬಲವೇ ಕುಂದುತ್ತಿದ್ದರೆ ಸ್ಕ್ಯಾನ್ ವಿಚಾರ ನೀವೇ ಎತ್ತಿ. ಒಳ್ಳೆಯ ಫಿಸಿಯೋ ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.