ಊರಿಂದ ಬರುವ ಅಪ್ಪ ಅಮ್ಮನನ್ನು ಗ್ಯಾಸ್ಟ್ರೊಪಬ್‌ಗೆ ಊಟಕ್ಕೆ ಕರೆದುಕೊಂಡು ಹೋಗಬಹುದೇ?

ಪ್ರಶ್ನೆ ಕೇಳಿದವರು ತುಮಕೂರಿನವರು, ಕೆಲಸಕ್ಕಾಗಿ ಬೆಂಗಳೂರಿನಲ್ಲಿದ್ದಾರೆ. ಮನೆಯ ಹಿಂದಿನ ರಸ್ತೆಯಲ್ಲಿ ಹೊಸ ಗ್ಯಾಸ್ಟ್ರೊಪಬ್, ಅಂದರೆ ಬಿಯರಿನ ಜೊತೆ ಊಟಕ್ಕೂ ಅಷ್ಟೇ ಮಹತ್ವ ಕೊಡುವ ಪಬ್, ತೆರೆದಿದೆಯಂತೆ. ಊರಿಂದ ಬರುವ ತಂದೆ ತಾಯಿಯನ್ನು ಅಲ್ಲಿಗೆ ಕರೆದೊಯ್ಯಬಹುದೇ, ತಂದೆ ಸಸ್ಯಾಹಾರಿ, ಅವರಿಗೆ ಸರಿಹೋದೀತೇ ಎಂದು ಕೇಳಿದ್ದಾರೆ. ನಾನು ಹಾಗೆ ಮಕ್ಕಳ ಜೊತೆ ಹೋಗಿ ಬಂದ ತಾಯಿ. ತುಮಕೂರಿನ ಬಿ.ಎಚ್. ರಸ್ತೆಯ ಆಸುಪಾಸಿನಲ್ಲಿ ಕಾಲೇಜು ಹುಡುಗರಿಗೆ ಮೆಸ್ ನಡೆಸುವವಳೂ ಹೌದು. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಕರೆದುಕೊಂಡು ಹೋಗಿ. ಆದರೆ ಹಸಿದ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಬೇಡಿ.

ಮಗಳು ಅಳಿಯಂದಿರು ಇರುವುದು ಜೆ.ಪಿ. ನಗರದ ಕಡೆ. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ತುಮಕೂರು ರಸ್ತೆಯ ಮಾದಾವರದವರೆಗೆ ಬಂದ ಮೇಲೆ ತುಮಕೂರಿನವರಿಗೆ ಅಲ್ಲಿಗೆ ಹೋಗುವುದು ಸುಲಭವಾಗಿದೆ. ಮೆಟ್ರೊ ಹತ್ತಿ ಕುಳಿತರೆ ನಡುವೆ ಎಲ್ಲೂ ಬದಲಿಸಬೇಕಿಲ್ಲ. ನಾವು ಹೋದ ಪಬ್ ಅವರ ಮನೆಯಿಂದ ನಡೆದೇ ಹೋಗುವಷ್ಟು ಹತ್ತಿರ. ಹೆಸರು ಹೇಳುವುದಿಲ್ಲ. ನಾನು ಕಂಡ ದೋಷಗಳು ಅದೊಂದಕ್ಕೇ ಸೇರಿದವಲ್ಲ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಕುಳಿತುಕೊಳ್ಳಲು ಜಾಗ ಸೊಗಸಾಗಿತ್ತು. ತುಮಕೂರಿನ ಬಾರ್ ಅಂಡ್ ರೆಸ್ಟೋರೆಂಟ್‌ಗಳಲ್ಲಿ ‘ಫ್ಯಾಮಿಲಿ ರೂಮ್’ ಎಂಬ ಬೋರ್ಡಿನ ಕೆಳಗೆ ಮಾಸಿದ ಪರದೆ ಇಳಿಬಿಟ್ಟ ಗೂಡುಗಳಿರುತ್ತವೆಯಲ್ಲ, ಅಲ್ಲಿ ಹೆಂಗಸರು ಕುಳಿತರೆ ತಪ್ಪು ಮಾಡಲು ಬಂದವರನ್ನು ನೋಡುವಂತೆ ನೋಡುತ್ತಾರೆ. ಇಲ್ಲಿ ಹತ್ತಿಸೀರೆ ಉಟ್ಟು ಮರದ ಕೆಳಗೆ ಕಾಲು ಚಾಚಿ ಕುಳಿತೆ, ಯಾರೂ ತಿರುಗಿ ನೋಡಲಿಲ್ಲ. ನಮ್ಮ ಊರಿನ ಬಾರುಗಳಲ್ಲಿ ಮೊಟ್ಟೆ ಬುರ್ಜಿ, ಕಬಾಬು, ಕಡಲೆಬೀಜದ ಮಸಾಲೆ ಬಿಸಿಬಿಸಿಯಾಗಿಯೇ ಬರುತ್ತವೆ ಎನ್ನುವುದು ನಿಜ. ಅಷ್ಟಕ್ಕೇ ನಮ್ಮ ಊರೇ ಮೇಲು ಎನ್ನುವವಳಲ್ಲ ನಾನು. ಅಲ್ಲಿನ ಶೌಚಾಲಯ ನೋಡಿದ ಯಾವ ಹೆಂಗಸೂ ಆ ಮಾತು ಆಡುವುದಿಲ್ಲ.

ಬಿಯರ್ ಕೂಡ ಚೆನ್ನಾಗಿತ್ತೆಂದು ಅಳಿಯಂದಿರು ಹೇಳಿದರು. ನಾನು ಕುಡಿಯುವುದಿಲ್ಲ, ವಾಸನೆ ನೋಡಿದೆ. ಗೋಧಿ ಬಿಯರ್ ಅಂತೆ, ಕಳಿತ ಬಾಳೆಹಣ್ಣು ಮತ್ತು ಲವಂಗದ ವಾಸನೆ. ಎರಡನ್ನೂ ಹಾಕಿರುವುದಿಲ್ಲ, ಹುದುಗು ಬರಿಸುವ ಯೀಸ್ಟ್‌ನಿಂದಲೇ ಆ ವಾಸನೆ ಹುಟ್ಟುತ್ತದೆ ಎಂದು ವಿವರಿಸಿದರು. ದಿನಾ ಇಡ್ಲಿ ಹಿಟ್ಟು ಹುದುಗು ಬರಿಸುವವಳಿಗೆ ಅದನ್ನು ನಂಬಲು ಕಷ್ಟವಾಗಲಿಲ್ಲ.

ಇನ್ನು ಊಟ. ಮೇಜಿಗೆ ಅಂಟಿಸಿದ ಚೌಕಕ್ಕೆ ಮೊಬೈಲ್ ಹಿಡಿದರೆ ಮೆನು ತೆರೆಯುತ್ತದೆ. ಬೆರಳಿನಿಂದ ತಳ್ಳಿದಷ್ಟೂ ಮುಗಿಯಲೊಲ್ಲದು. ಪಿಜ್ಜಾ, ಸುಶಿ, ಥಾಯ್ ಕರಿ, ಬಟರ್ ಚಿಕನ್, ಆಂಧ್ರ ಚಿಲ್ಲಿ ಚಿಕನ್, ಟಾಕೊ, ಬರ್ಗರ್. ನನಗೆ ಅಲ್ಲಿಯೇ ಅನುಮಾನ ಬಂತು. ನಮ್ಮ ಮೆಸ್ಸಿನಲ್ಲಿ ಒಂದು ಪಲ್ಯ, ಒಂದು ಸಾರು, ಮುದ್ದೆ, ಅನ್ನ, ಮಜ್ಜಿಗೆ. ಬುಧವಾರ, ಭಾನುವಾರ ಕೋಳಿ. ಇಷ್ಟನ್ನು ಹದವಾಗಿ ಮಾಡಲು ಬೆಳಗಿನ ಜಾವ ಏಳಬೇಕು. ನೂರು ಬಗೆ ಮಾಡುತ್ತೇವೆ ಎನ್ನುವ ಅಡುಗೆಮನೆ ಏನು ಮಾಡುತ್ತದೆ? ಅರ್ಧ ಬೇಯಿಸಿ ಫ್ರೀಜರಿಗೆ ಹಾಕುತ್ತದೆ, ಕೇಳಿದಾಗ ಬಿಸಿ ಮಾಡುತ್ತದೆ. ಬೇರೆ ದಾರಿಯೇ ಇಲ್ಲ.

“ಅತ್ತೆ, ರಾಗಿ ಮುದ್ದೆಯೂ ಇದೆ ನೋಡಿ,” ಎಂದು ಅಳಿಯಂದಿರು ಹಿಗ್ಗಿನಿಂದ ಹೇಳಿದರು. ಹೆಸರು ‘ಮುದ್ದೆ ಬೈಟ್ಸ್’. ಬಂದದ್ದು ನಿಂಬೆಹಣ್ಣಿಗಿಂತ ಚಿಕ್ಕ ಆರು ಉಂಡೆಗಳು, ಒಂದೊಂದಕ್ಕೂ ಒಂದು ಕಡ್ಡಿ ಚುಚ್ಚಿದೆ, ಪಕ್ಕದಲ್ಲಿ ಪುಟ್ಟ ಗಾಜಿನ ಲೋಟದಲ್ಲಿ ಮಟನ್ ಸಾರು. ಇದನ್ನು ಮಾಡಿದವರು ಮುದ್ದೆ ಉಂಡಿರಬಹುದು, ಆದರೆ ಏಕೆ ಹಾಗೆ ಉಣ್ಣುತ್ತಾರೆಂದು ಯೋಚಿಸಿಲ್ಲ. ಮುದ್ದೆ ದೊಡ್ಡದಾಗಿ ಕಟ್ಟುವುದು ಹೊಟ್ಟೆಬಾಕರಿಗೆಂದು ಅಲ್ಲ. ಉಂಡೆ ದೊಡ್ಡದಾದಷ್ಟೂ ಒಳಗಿನ ಬಿಸಿ ಉಳಿಯುತ್ತದೆ. ಮುರಿದು ಮುರಿದು ಸಾರಿಗೆ ಅದ್ದುವಾಗ ಪ್ರತಿ ತುತ್ತೂ ಒಳಗಿನ ಬಿಸಿಯನ್ನು ತರುತ್ತದೆ. ಚಿಕ್ಕ ಉಂಡೆಗೆ ಹೊರಮೈ ಹೆಚ್ಚು, ಒಳಗು ಕಡಿಮೆ. ಒಲೆಯಿಂದ ಮೇಜಿಗೆ ಬರುವಷ್ಟರಲ್ಲಿ ಆರಿ ಮೇಲೆ ಚಕ್ಕೆ ಕಟ್ಟುತ್ತದೆ. ಸಾಲದ್ದಕ್ಕೆ, ಕಡ್ಡಿಗೆ ನಿಲ್ಲಬೇಕೆಂದರೆ ಹಿಟ್ಟು ಗಟ್ಟಿಯಾಗಿರಬೇಕು. ಗಟ್ಟಿಯಾದರೆ ನುಂಗಲು ಆಗುವುದಿಲ್ಲ, ಅಗಿಯಬೇಕು. ಅಗಿದ ರಾಗಿ ಹಲ್ಲಿಗೆ ಮೆತ್ತಿಕೊಳ್ಳುತ್ತದೆಯೇ ಹೊರತು ರುಚಿ ಕೊಡುವುದಿಲ್ಲ. ಸಾರಿನಲ್ಲಿ ಹುರಿದ ಮಸಾಲೆಯ ಘಮ ಇರಲಿಲ್ಲ, ಕಾರ್ನ್‌ಫ್ಲೋರಿನ ಹೊಳಪು ಇತ್ತು. ಮೂಳೆ ಇರಲಿಲ್ಲ. ಮೂಳೆಯಿಲ್ಲದ ಮಟನ್ ಸಾರಿಗೆ ಯಾರಾದರೂ ಐನೂರರ ಹತ್ತಿರ ಬೆಲೆ ಇಡುತ್ತಾರೆಯೇ?

ನಂತರ ತಟ್ಟೆ ಇಡ್ಲಿ ಪಿಜ್ಜಾ. ತಟ್ಟೆ ಇಡ್ಲಿಗೆ ಹೆಸರಾದ ಕ್ಯಾತ್ಸಂದ್ರದವರು ಓದುತ್ತಿದ್ದರೆ ಕ್ಷಮಿಸಿ. ಇಡ್ಲಿಯ ಮೇಲೆ ಚೀಸು, ಆಲಿವ್, ಕೆಂಪು ಸಾಸು. ಹೊಸ ಪ್ರಯೋಗದ ಬಗ್ಗೆ ನನಗೆ ತಕರಾರಿಲ್ಲ, ಹುಡುಗರು ನಮ್ಮ ಮೆಸ್ಸಿನ ಚಪಾತಿಗೆ ಜಾಮ್ ಹಚ್ಚಿಕೊಂಡು ತಿನ್ನುವುದನ್ನು ದಿನಾ ನೋಡುತ್ತೇನೆ. ತಕರಾರು ಇಡ್ಲಿಯ ಬಗ್ಗೆ. ಅದು ಆ ದಿನದ್ದಲ್ಲ. ಬೆಂದ ಅಕ್ಕಿಯನ್ನು ಫ್ರಿಜ್ಜಿನಲ್ಲಿಟ್ಟರೆ ಅದರ ಪಿಷ್ಟ ಬಿಗಿದು ಗಟ್ಟಿಯಾಗುತ್ತದೆ. ಮತ್ತೆ ಬಿಸಿ ಮಾಡಿದರೆ ಮೃದುವಾಗುತ್ತದೆ, ಆದರೆ ಮೈಕ್ರೊವೇವಿನಲ್ಲಿ ಮಾಡಿದರೆ ಒಳಗಿನ ನೀರೂ ಆವಿಯಾಗಿ ಹೋಗಿ, ಆರುತ್ತಲೇ ಮೊದಲಿಗಿಂತ ಬಿರುಸಾಗುತ್ತದೆ. ಮೊದಲ ತುಂಡು ಹತ್ತಿ, ನಾಲ್ಕನೆಯದು ಬೆಂಡು. ಹಬೆಯಲ್ಲಿ ಬಿಸಿ ಮಾಡಿದ್ದರೆ ಇಷ್ಟು ಕೆಡುತ್ತಿರಲಿಲ್ಲ.

ಮಗಳು ಕೇಳಿದ್ದು ಫಿಶ್ ಅಂಡ್ ಚಿಪ್ಸ್. ಪಬ್ಬಿನವರದೇ ಅಡುಗೆ, ಇಲ್ಲಿಯಾದರೂ ಗೆಲ್ಲಬೇಕಿತ್ತು. ಮೀನು ಬಾಸಾ, ಹೆಪ್ಪುಗಟ್ಟಿಸಿದ್ದು. ಅಂಥ ಮೀನನ್ನು ಪೂರ್ತಿ ಕರಗಿಸಿ, ಬಟ್ಟೆಯಲ್ಲಿ ಒತ್ತಿ ನೀರು ತೆಗೆಯದಿದ್ದರೆ ಕರಿಯುವಾಗ ಒಳಗಿನಿಂದ ನೀರು ಬಿಟ್ಟು ಹಿಟ್ಟಿನ ಹೊದಿಕೆಯನ್ನು ಒಳಗಿನಿಂದಲೇ ನೆನೆಸುತ್ತದೆ. ಎಣ್ಣೆ 180 ಡಿಗ್ರಿಯ ಸುತ್ತಮುತ್ತ ಇರಬೇಕು. ಒಟ್ಟಿಗೆ ಹೆಚ್ಚು ತುಂಡು ಹಾಕಿದರೆ ಕಾವು ಇಳಿದು ಹಿಟ್ಟು ಗರಿಯಾಗುವ ಬದಲು ಎಣ್ಣೆ ಕುಡಿಯುತ್ತದೆ. ಎರಡೂ ಆಗಿತ್ತು. ಆಲೂಗಡ್ಡೆ ಹೊರಗೆ ಕಂದು, ಒಳಗೆ ಹಸಿ. ಶೀತಲಗೃಹದಲ್ಲಿ ಬಹಳ ಕಾಲ ಇದ್ದ ಆಲೂಗಡ್ಡೆಯಲ್ಲಿ ಸಕ್ಕರೆ ಅಂಶ ಹೆಚ್ಚಿ, ಬೇಯುವ ಮೊದಲೇ ಕೆಂಪಾಗಿಬಿಡುತ್ತದೆ. ಅದಕ್ಕೇ ತಿಳಿದವರು ಮೊದಲು ಕಡಿಮೆ ಕಾವಿನಲ್ಲಿ ಬೇಯಿಸಿ, ಆರಿಸಿ, ಆಮೇಲೆ ಜೋರು ಕಾವಿನಲ್ಲಿ ಇನ್ನೊಮ್ಮೆ ಕರಿಯುತ್ತಾರೆ.

“ಅಮ್ಮ, ಹೇಗಿದೆ?” ಎಂದು ಮಗಳು ಕೇಳಿದಳು. ತಟ್ಟೆಯೆಲ್ಲ ಸುಂದರವಾಗಿದೆ ಎಂದೆ. ಅವಳಿಗೆ ಅರ್ಥವಾಯಿತು.

ಮನೆಗೆ ಬಂದ ಮೇಲೆ ಈ ಗ್ಯಾಸ್ಟ್ರೊಪಬ್ ಎಲ್ಲಿಂದ ಬಂತೆಂದು ಓದಿದೆ. ಲಂಡನ್ನಿನ ಕ್ಲರ್ಕನ್‌ವೆಲ್‌ನಲ್ಲಿ ‘ದಿ ಈಗಲ್’ ಎಂಬ ಪಬ್ಬನ್ನು 1991ರಲ್ಲಿ ಡೇವಿಡ್ ಐರ್ ಮತ್ತು ಮೈಕ್ ಬೆಲ್ಬೆನ್ ಎಂಬ ಇಬ್ಬರು ವಹಿಸಿಕೊಂಡರು. ಅದಕ್ಕೆ ಎರಡು ವರ್ಷ ಮೊದಲು ಬ್ರಿಟನ್ ಸರ್ಕಾರ ದೊಡ್ಡ ಬಿಯರ್ ಕಂಪನಿಗಳ ಹಿಡಿತದಲ್ಲಿದ್ದ ಪಬ್ಬುಗಳ ಸಂಖ್ಯೆಗೆ ಕಡಿವಾಣ ಹಾಕಿತ್ತು, ಹಾಗಾಗಿ ಹಳೆಯ ಪಬ್ಬುಗಳು ಕೈಗೆಟಕುವ ದರಕ್ಕೆ ಸಿಗತೊಡಗಿದ್ದವು. ದುಬಾರಿ ರೆಸ್ಟೋರೆಂಟ್ ತೆರೆಯಲು ದುಡ್ಡಿಲ್ಲದವರು ಪಬ್ಬಿನಲ್ಲೇ ಒಳ್ಳೆಯ ಅಡುಗೆ ಮಾಡತೊಡಗಿದರು. ಒಂದಕ್ಕೊಂದು ಹೊಂದದ ಕುರ್ಚಿಗಳು, ಎದುರಿಗೇ ಕಾಣುವ ಒಲೆ, ಅಂದಂದಿನ ಅಡುಗೆಯನ್ನು ಸೀಮೆಸುಣ್ಣದಲ್ಲಿ ಬರೆದ ಕಪ್ಪು ಹಲಗೆ. ಇದನ್ನು ಓದಿ ನನಗೆ ನಗು ಬಂತು. ಹಲಗೆಯ ಮೇಲೆ ಇಂದಿನ ಅಡುಗೆ ಬರೆಯುವುದು ತುಮಕೂರಿನ ಯಾವ ಮೆಸ್ಸಿಗೂ ಹೊಸದಲ್ಲ.

ನಾವು ಹೋದ ಪಬ್ಬಿನಲ್ಲಿಯೂ ಕಪ್ಪು ಹಲಗೆ ಇತ್ತು. ಅದರ ಮೇಲೆ ಬಿಯರಿನ ಬಗ್ಗೆ ಇಂಗ್ಲಿಷ್ ತಮಾಷೆಯೊಂದನ್ನು ಬಣ್ಣದಲ್ಲಿ ಬರೆದಿದ್ದರು, ಅಳಿಸಲು ಬಾರದಂತೆ.

ನನ್ನ ಅಸಮಾಧಾನದ ಮೂಲ ಇಲ್ಲಿದೆ. ಬೀದಿಯ ಊಟದ ಮನೆ ನಡೆಯುವುದು ನಾಳೆಯೂ ಬರುವವರನ್ನು ನಂಬಿ. ನಮ್ಮಲ್ಲಿ ಸೋಮವಾರ ಸಾರು ಕೆಟ್ಟರೆ ಮಂಗಳವಾರವೇ ಬೆಂಚು ಖಾಲಿ, ಬುಧವಾರ ಹುಡುಗರು ಎದುರು ಮೆಸ್ಸಿನಲ್ಲಿ. ಆ ಹೆದರಿಕೆಯೇ ಅಡುಗೆಯನ್ನು ಕಾಯುತ್ತದೆ. ಆ ಪಬ್ಬಿಗೆ ಅಂಥ ಹೆದರಿಕೆ ಇಲ್ಲ. ಶನಿವಾರ ಸಂಜೆ ಬೇರೆ ಬೇರೆ ಬಡಾವಣೆಗಳಿಂದ ಹತ್ತು ಹತ್ತು ಜನರ ಗುಂಪು ಬರುತ್ತದೆ, ಒಬ್ಬೊಬ್ಬರಿಗೂ ಒಂದೊಂದು ದೇಶದ ತಿಂಡಿ ಬೇಕು, ಅದಕ್ಕೇ ಮುಗಿಯದ ಮೆನು. ಮುಂದಿನ ವಾರ ಅವರು ಇನ್ನೊಂದು ಹೊಸ ಜಾಗಕ್ಕೆ ಹೋಗುತ್ತಾರೆ. ಹಾಗಿರುವಾಗ ರುಚಿ ಉಳಿಸಿ ಯಾರಿಗೆ ಏನಾಗಬೇಕು? ಫೋಟೊ ಚೆನ್ನಾಗಿ ಬಂದರೆ ಸಾಕು, ಹೊಸಬರು ಬರುತ್ತಾರೆ. ಬಾಡಿಗೆ, ಲೈಸೆನ್ಸ್ ಶುಲ್ಕ, ಮೇಲಿಂದ ಮೇಲೆ ಏರುವ ಅಬಕಾರಿ ಸುಂಕ (2025ರ ಜನವರಿಯಲ್ಲೂ ಬಿಯರಿನ ಸುಂಕ ಏರಿತು) ಎಲ್ಲವೂ ಮಾಲೀಕನ ತಲೆಯ ಮೇಲಿವೆ ಎನ್ನುವುದೂ ನನಗೆ ಗೊತ್ತು. ಖರ್ಚು ಕಡಿಮೆ ಮಾಡಬೇಕಾದಾಗ ಮೊದಲು ಕತ್ತರಿ ಬೀಳುವುದು ಅಡುಗೆಯವರ ಸಂಬಳಕ್ಕೆ. ಅದೇ ಬೀದಿಯ ಮೂಲೆಯ ದರ್ಶಿನಿಯಲ್ಲಿ ಬಡಾವಣೆಯ ಹಿರಿಯರೆಲ್ಲ ನಿಂತು ಕಾಫಿ ಕುಡಿಯುತ್ತಿದ್ದರು. ಪಬ್ಬಿನೊಳಗೆ ಆ ಬೀದಿಯವರು ನಾವಷ್ಟೇ ಇದ್ದೆವೋ ಏನೋ.

ಬಿಲ್ಲಿನ ವಿಚಾರ. ಕೊನೆಯಲ್ಲಿ ಶೇ 10 ಸೇವಾ ಶುಲ್ಕ ಎಂದು ಸೇರಿಸಿದ್ದರು. ಇದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅಳಿಯಂದಿರು ಸಂಕೋಚದಿಂದ ಕೊಡಲು ಹೊರಟಿದ್ದರು, ನಾನು ಕೇಳಿದೆ, ಮ್ಯಾನೇಜರ್ ಮರುಮಾತಿಲ್ಲದೆ ತೆಗೆದುಹಾಕಿದರು. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಡಿಸಿದ ಹುಡುಗನ ಕೈಗೆ ನೂರು ರೂಪಾಯಿ ಬೇರೆಯೇ ಕೊಟ್ಟೆ. ಇನ್ನೊಂದು ಮಾತು, ಜಿಎಸ್‌ಟಿ ಊಟಕ್ಕೆ ಮಾತ್ರ ಬರುತ್ತದೆ, ಮದ್ಯ ಅದರ ವ್ಯಾಪ್ತಿಯಲ್ಲಿಲ್ಲ. ಒಟ್ಟು ಮೊತ್ತದ ಮೇಲೆ ಹಾಕಿದ್ದಾರೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಈಗ ನಿಮ್ಮ ತಂದೆಯವರ ವಿಷಯ. ಸಣ್ಣ ಅಡುಗೆಮನೆಯಲ್ಲಿ ಕರಿಯುವ ಬಾಣಲೆ ಒಂದೇ ಇರುವ ಸಂಭವ ಹೆಚ್ಚು. ಮೀನು ಕರಿದ ಎಣ್ಣೆಯಲ್ಲೇ ಗೋಬಿ, ಪನೀರು, ಆಲೂಗಡ್ಡೆ ಎಲ್ಲ ಬೀಳುತ್ತವೆ. ಸಸ್ಯಾಹಾರಕ್ಕೆ ಬೇರೆ ಎಣ್ಣೆ ಇದೆಯೇ ಎಂದು ಕುಳಿತುಕೊಳ್ಳುವ ಮೊದಲೇ, ಅವರ ಕಿವಿಗೆ ಬೀಳದಂತೆ, ವಿಚಾರಿಸಿ. ‘ಕೇಳಿ ಹೇಳುತ್ತೇನೆ’ ಎಂದು ಹೋದ ಹುಡುಗ ತಟ್ಟನೆ ಮರಳಿ ಬಂದು ‘ಇದೆ’ ಎಂದರೆ ನಂಬಬೇಡಿ. ಕರಿದದ್ದನ್ನು ಬಿಟ್ಟು ಬೇರೆ ಏನಾದರೂ ತರಿಸಿ. ಕೇಳಿದ ಮೇಲೆ ಒಲೆಯಲ್ಲಿ ಸುಟ್ಟು ಕೊಡುವ ಪಿಜ್ಜಾ ಇದ್ದರೆ ಅದು ಪರವಾಗಿಲ್ಲ, ಅದರಲ್ಲಿ ಮೋಸ ಮಾಡಲು ಅವಕಾಶ ಕಡಿಮೆ. ಕರಿಯದೆ ಸುಟ್ಟ ಮಸಾಲೆ ಹಪ್ಪಳ, ಕಡಲೆಬೀಜ ಎಲ್ಲ ಕಡೆಯೂ ಸರಿಯಾಗಿರುತ್ತವೆ. ಮುದ್ದೆ, ಇಡ್ಲಿ, ಬಿಸಿಬೇಳೆಬಾತ್‌ನಂಥ ನಮ್ಮ ಹೆಸರುಗಳನ್ನು ಮೆನುವಿನಲ್ಲಿ ಕಂಡರೂ ಕಾಣದಂತಿರಿ. ಹಿರಿಯರು ಮೊದಲ ತುತ್ತಿಗೇ ಮನೆಯ ಅಡುಗೆಯ ಜೊತೆ ಹೋಲಿಸಿಬಿಡುತ್ತಾರೆ, ಪಬ್ಬಿನವರು ಎಷ್ಟು ಒದ್ದಾಡಿದರೂ ಗೆಲ್ಲುವುದಿಲ್ಲ.

ವಾರದ ನಡುವಿನ ದಿನ ಹೋಗಿ, ಸಂಜೆ ಆರರ ಸುಮಾರಿಗೆ. ಆಗ ಹಾಡಿನ ಅಬ್ಬರ ಶುರುವಾಗಿರುವುದಿಲ್ಲ, ಅಡುಗೆಯವರಿಗೂ ಕೈತುಂಬ ಕೆಲಸ ಇರುವುದಿಲ್ಲ, ಎಣ್ಣೆಯೂ ಇನ್ನೂ ಕಪ್ಪಾಗಿರುವುದಿಲ್ಲ. ಸ್ಪೀಕರಿನಿಂದ ದೂರದ ಮೇಜು ಕೇಳಿ. ಇವತ್ತು ಏನು ಹೊಸದಾಗಿ ಮಾಡಿದ್ದೀರಿ ಎಂದು ಕೇಳಿ ನೋಡಿ, ಒಂದೆರಡು ಹೆಸರು ಹೇಳಿದರೆ ಅದನ್ನೇ ತರಿಸಿ, ‘ಎಲ್ಲವೂ ಹೊಸದೇ’ ಎಂದರೆ ಹಪ್ಪಳದಲ್ಲೇ ನಿಲ್ಲಿಸಿ. ನಿಮ್ಮ ತಾಯಿ ಮನೆಯಲ್ಲಿ ಅನ್ನ ಸಾರು ಮಾಡಿಟ್ಟು ಬರುತ್ತೇನೆ ಎಂದರೆ ತಡೆಯಬೇಡಿ.