ಬ್ರಾಂಚಿನಲ್ಲೇ ಲಾಗಿನ್ ಸರ್ವರ್ ಇಟ್ಟರೆ ಹೆಡ್ ಆಫೀಸಿನ ಲೈನ್ ಹೋದಾಗಲೂ ಲಾಗಿನ್ ಆಗುತ್ತಾ? 16 ಜಿಬಿ ಮೆಮೊರಿ ಸಾಕಾ, 32 ಬೇಕಾ?

ನಿಮ್ಮದು ಜಯನಗರದಲ್ಲಿ ಹೆಡ್ ಆಫೀಸು, ಪೀಣ್ಯದಲ್ಲಿ 30 ಕಂಪ್ಯೂಟರಿನ ಬ್ರಾಂಚು. ಅಲ್ಲೊಂದು ಡೊಮೈನ್ ಕಂಟ್ರೋಲರ್ (ಲಾಗಿನ್ ಪರಿಶೀಲಿಸುವ ಸರ್ವರ್) ಕೂರಿಸಿದರೆ ಚಿಂತೆ ಇಲ್ಲ ಅಂದುಕೊಂಡಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಬರೀ ಕೂರಿಸಿದರೆ ಆಗಲ್ಲ. ಮೆಮೊರಿ ವಿಷಯ ಬಿಡಿ, 30 ಕಂಪ್ಯೂಟರಿಗೆ 8 ಜಿಬಿಯೇ ಧಾರಾಳ.

ನಮ್ಮ ಬ್ರಾಂಚಿನಲ್ಲಿ ಸರ್ವರಿಗೆ ಬೀಗ ಹಾಕುವ ಕೋಣೆ ಇರಲಿಲ್ಲ. ಅದಕ್ಕೇ ಆರ್‌ಒಡಿಸಿ ಹಾಕಿದೆ. ವಿಂಡೋಸ್ ಸರ್ವರ್ 2008ರಲ್ಲಿ ಬಂದ, ಓದಲು ಮಾತ್ರ ಬರುವ ಡೊಮೈನ್ ಕಂಟ್ರೋಲರ್. ನಾವು ಒಪ್ಪಿಗೆ ಕೊಟ್ಟ ಖಾತೆಗಳ ಪಾಸ್‌ವರ್ಡ್ ಮಾತ್ರ ಅದರಲ್ಲಿ ಉಳಿಯುತ್ತೆ, ಹಾಗಾಗಿ ಕಳುವಾದರೂ ಅಷ್ಟನ್ನು ಬದಲಿಸಿದರೆ ಸಾಕು. ಆ ಆಯ್ಕೆ ಸರಿಯಾಗಿಯೇ ಇತ್ತು.

ಎಡವಿದ್ದು ಒಪ್ಪಿಗೆ ಪಟ್ಟಿಯಲ್ಲಿ. ಬ್ರಾಂಚಿನ ಅಷ್ಟೂ ಜನರ ಖಾತೆ ಸೇರಿಸಿದೆ, ಕಂಪ್ಯೂಟರುಗಳ ಖಾತೆ ಸೇರಿಸಲಿಲ್ಲ. ಡೊಮೈನಿನಲ್ಲಿ ಪ್ರತಿ ಕಂಪ್ಯೂಟರಿಗೂ ತನ್ನದೇ ಖಾತೆ, ಪಾಸ್‌ವರ್ಡ್ ಇರುತ್ತೆ. ಲೈನ್ ಇರುವವರೆಗೂ ಗೊತ್ತೇ ಆಗಲಿಲ್ಲ, ಯಾಕಂದರೆ ತನ್ನ ಹತ್ತಿರ ಇಲ್ಲದ್ದನ್ನು ಆರ್‌ಒಡಿಸಿ ಹೆಡ್ ಆಫೀಸಿನಿಂದ ಕೇಳಿ ತರುತ್ತೆ. ಒಂದು ದಿನ ರಸ್ತೆ ಅಗೆಯುವವರು ಫೈಬರ್ ಕತ್ತರಿಸಿದರು. ಬೆಳಗಿನ ಪಾಳಿಯವರಿಗೆ ಲಾಗಿನ್ ಆಯಿತು. ಅದು ಸರ್ವರ್ ಮಾಡಿದ್ದಲ್ಲ: ಆ ಕಂಪ್ಯೂಟರಿನಲ್ಲಿ ಕೊನೆಗೆ ಲಾಗಿನ್ ಆದ 10 ಜನರ ಗುರುತನ್ನು ವಿಂಡೋಸ್ ಅಲ್ಲೇ ಇಟ್ಟುಕೊಂಡಿರುತ್ತೆ. ಮಧ್ಯಾಹ್ನ ಹೊಸ ಸೀಟಿಗೆ ಬಂದವರು ಒಬ್ಬರೂ ಒಳಗೆ ಹೋಗಲಿಲ್ಲ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ವಿಂಡೋಸ್ ಡೊಮೈನ್ ಬಳಸುವ ಕೆರ್ಬರೋಸ್ ಪದ್ಧತಿಯ ಲಾಗಿನ್‌ಗೆ ಎರಡು ಟಿಕೆಟ್ (ಸರ್ವರ್ ಕೊಡುವ ಡಿಜಿಟಲ್ ಗುರುತಿನ ಚೀಟಿ) ಬೇಕು. ಮೊದಲನೆಯದು ಬಳಕೆದಾರನ ಪಾಸ್‌ವರ್ಡ್ ನೋಡಿ ಸಿಗುತ್ತೆ. ಎರಡನೆಯದು ಆತ ಕೂತಿರುವ ಕಂಪ್ಯೂಟರಿನದು. ಅದನ್ನು ಗೂಢಲಿಪಿಗೆ ಹಾಕುವುದು ಆ ಕಂಪ್ಯೂಟರ್ ಖಾತೆಯ ಪಾಸ್‌ವರ್ಡಿನಿಂದ ಹುಟ್ಟಿದ ಕೀಲಿ. ಆ ಕೀಲಿ ಆರ್‌ಒಡಿಸಿಯಲ್ಲಿ ಇಲ್ಲ, ಹೆಡ್ ಆಫೀಸೂ ಸಿಗಲ್ಲ ಅಂದಮೇಲೆ ಟಿಕೆಟ್ ಎಲ್ಲಿಂದ ಬರಬೇಕು? ಬ್ರಾಂಚಿನ ಫೈಲ್ ಸರ್ವರಿಗೂ ಇದೇ ಕತೆ, ಅದರ ಖಾತೆಯೂ ಪಟ್ಟಿಯಲ್ಲಿರಬೇಕು.

ಆದ್ದರಿಂದ ಜನರಿಗೊಂದು, ಕಂಪ್ಯೂಟರುಗಳಿಗೊಂದು ಗ್ರೂಪ್ ಮಾಡಿ. ಆರ್‌ಒಡಿಸಿಯ ಪ್ರಾಪರ್ಟೀಸ್‌ನಲ್ಲಿ ಪಾಸ್‌ವರ್ಡ್ ರೆಪ್ಲಿಕೇಶನ್ ಪಾಲಿಸಿ ಟ್ಯಾಬಿಗೆ ಹೋಗಿ ಎರಡಕ್ಕೂ ಅಲೋ ಕೊಡಿ. ಡೊಮೈನ್ ಅಡ್ಮಿನ್ ಖಾತೆ ಮಾತ್ರ ಯಾವ ಕಾರಣಕ್ಕೂ ಬೇಡ. ಆಮೇಲೆ ಅಡ್ವಾನ್ಸ್ಡ್ ಒತ್ತಿ, ಪ್ರೀಪಾಪ್ಯುಲೇಟ್ ಪಾಸ್‌ವರ್ಡ್ಸ್‌ನಲ್ಲಿ ಜನ, ಕಂಪ್ಯೂಟರ್ ಎರಡನ್ನೂ ಆರಿಸಿ. ಇಲ್ಲದಿದ್ದರೆ ಪ್ರತಿ ಖಾತೆಯೂ ಲೈನ್ ಇದ್ದಾಗ ಒಮ್ಮೆ ಲಾಗಿನ್ ಆಗುವವರೆಗೆ ಕಾಯಬೇಕು. ಹೊಸ ಕಂಪ್ಯೂಟರ್ ಬಂದಾಗಲೆಲ್ಲ ಮರೆಯದೆ ಗ್ರೂಪಿಗೆ ಸೇರಿಸಿ.

ಸೈಟ್ಸ್ ಅಂಡ್ ಸರ್ವೀಸಸ್‌ನಲ್ಲಿ ಪೀಣ್ಯದ ಸಬ್‌ನೆಟ್ಟನ್ನು (ಅಲ್ಲಿನ ಐಪಿ ವಿಳಾಸಗಳ ಗುಂಪನ್ನು) ಪೀಣ್ಯದ ಸೈಟಿಗೆ ಜೋಡಿಸಿ, ಇಲ್ಲವಾದರೆ ಕಂಪ್ಯೂಟರುಗಳು ಪಕ್ಕದ ಸರ್ವರ್ ಬಿಟ್ಟು ಜಯನಗರಕ್ಕೇ ಹೋಗಬಹುದು. ಸೈಟುಗಳ ನಡುವಿನ ರೆಪ್ಲಿಕೇಶನ್ (ಸರ್ವರುಗಳು ಬದಲಾವಣೆ ನಕಲು ಮಾಡಿಕೊಳ್ಳುವುದು) ಡೀಫಾಲ್ಟಾಗಿ 180 ನಿಮಿಷಕ್ಕೊಮ್ಮೆ, 15ಕ್ಕೆ ಇಳಿಸಿ. ಆರ್‌ಒಡಿಸಿಯಲ್ಲೇ ಡಿಎನ್‌ಎಸ್ (ಹೆಸರಿನಿಂದ ಸರ್ವರಿನ ವಿಳಾಸ ಹುಡುಕಿಕೊಡುವುದು), ಗ್ಲೋಬಲ್ ಕ್ಯಾಟಲಾಗ್ (ಖಾತೆಗಳ ಸೂಚಿ) ಎರಡೂ ಇರಲಿ. ಕಂಪ್ಯೂಟರುಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ ಮೊದಲ ಡಿಎನ್‌ಎಸ್ ಆರ್‌ಒಡಿಸಿ, ಎರಡನೆಯದು ಜಯನಗರದ್ದು. ಎರಡನೆಯದಾಗಿ ಗೂಗಲ್‌ನ 8.8.8.8 ಕೊಡುವವರನ್ನು ಬಹಳ ನೋಡಿದ್ದೇನೆ. ಅದಕ್ಕೆ ನಿಮ್ಮ ಡೊಮೈನ್ ಹೆಸರೇ ಗೊತ್ತಿಲ್ಲ. ನಿಮ್ಮ ತೊಂದರೆ ಬರೀ ನಿಧಾನದ ಲಾಗಿನ್ ಆಗಿದ್ದರೆ ಮೊದಲು ಈ ಡಿಎನ್‌ಎಸ್ ಸೆಟ್ಟಿಂಗನ್ನೇ ನೋಡಿ, ಸರ್ವರ್ ಕೊಳ್ಳುವುದೇ ಬೇಡವಾಗಬಹುದು.

ಇಷ್ಟೂ ಆದಮೇಲೆ ಒಂದು ಶನಿವಾರ ಹೆಡ್ ಆಫೀಸಿಗೆ ಜೋಡಿಸುವ ವ್ಯಾನ್ (WAN) ಕೇಬಲ್ ಕಿತ್ತು, ಪಟ್ಟಿಯಲ್ಲಿರುವ ಒಬ್ಬರನ್ನು ಅವರು ಎಂದೂ ಮುಟ್ಟದ ಕಂಪ್ಯೂಟರಿನಲ್ಲಿ ಲಾಗಿನ್ ಮಾಡಿಸಿ. ತಮ್ಮದೇ ಸೀಟಿನಲ್ಲಿ ಮಾಡಿಸಿದರೆ ಪರೀಕ್ಷೆಯಾಗುವುದು ವಿಂಡೋಸ್‌ನ ನೆನಪು, ನಿಮ್ಮ ಸರ್ವರ್ ಅಲ್ಲ.