ಕ್ಲಚ್ ಹೋದ ವ್ಯಾನೂ ಟೀಚರಮ್ಮನ ನಾದಿನೀನೂ

ಪತ್ರ: "ಸಂಪಾದಕರೇ, ನೀವು ಹೊಗಳಿದ್ರಿ ಅಂತ ಮನೆಮಂದಿಯೆಲ್ಲ ಕೂತು 'ಲಿಟಲ್ ಮಿಸ್ ಸನ್‌ಶೈನ್' ನೋಡಿದ್ವಿ. ತಾತ ಹೆರಾಯಿನ್ ತಗೋತಾನೆ, ಹುಡುಗ ಬಾಯೇ ಬಿಡಲ್ಲ, ಸೋದರಮಾವ ಸಾಯೋಕೆ ಹೋಗಿ ಉಳ್ಕೊಂಡವನು. ಇದೂ ಒಂದು ಕುಟುಂಬಾನಾ? ನಮ್ಮಲ್ಲಿ ಇಂಥದ್ದೆಲ್ಲ ಇಲ್ಲ. ನನ್ನ ಮಗಳು ಮಾತ್ರ ಬಿದ್ದು ಬಿದ್ದು ನಕ್ಕಳು." (ಓದುಗರೊಬ್ಬರು, ರಾಜಾಜಿನಗರ)

ಉತ್ತರ: ಸ್ವಾಮಿ, ಮೊದಲು ನಿಮ್ಮದೊಂದು ಮಾತು ಒಪ್ಕೊಂಡ್ಬಿಡ್ತೀನಿ. ಅದು ಚಿಕ್ಕ ಮಕ್ಕಳ ಸಿನಿಮಾ ಅಲ್ಲ, ಅಮೆರಿಕದಲ್ಲೇ ಅದಕ್ಕೆ 'ಆರ್' ರೇಟಿಂಗು, ನಾನು ಹೇಳ್ಬೇಕಿತ್ತು, ಹೇಳ್ಲಿಲ್ಲ. ಆಯ್ತಲ್ಲ, ಈಗ ಜಗಳಕ್ಕೆ ಬರೋಣ.

2006ರ ಆ ಸಿನಿಮಾದಲ್ಲಿ ಮನೆಮಂದಿಯೆಲ್ಲ ಪ್ರಯಾಣ ಹೊರಟ ಹಳದಿ ವ್ಯಾನಿನ ಕ್ಲಚ್ ಹೋಗುತ್ತೆ. ಆಮೇಲೆ ಪ್ರತಿ ಸಲಾನೂ ಎಲ್ರೂ ಇಳಿದು ತಳ್ಬೇಕು, ಗಾಡಿ ಹೊರಟ ಮೇಲೆ ಓಡ್ತಾ ಓಡ್ತಾ ಒಬ್ಬೊಬ್ರೇ ಒಳಗೆ ಹಾರ್ಕೋಬೇಕು. ಮಾತಾಡದ ಹುಡುಗನೂ ತಳ್ತಾನೆ, ಸಾಯೋಕೆ ಹೋಗಿದ್ದ ಮಾವನೂ ತಳ್ತಾನೆ. ಚಿತ್ರಕಥೆಗೆ ಮೈಕೆಲ್ ಆರ್ಂಟ್‌ಗೆ ಆಸ್ಕರ್ ಬಂತು, ನೀವು ಬೈತಿರೋ ಆ ತಾತ ಅಲನ್ ಆರ್ಕಿನ್‌ಗೂ ಬಂತು. ನಿಮಗೆ ಹೆರಾಯಿನ್ ಒಂದೇ ಕಣ್ಣಿಗೆ ಬಿತ್ತು!

'ನಮ್ಮಲ್ಲಿ ಇಲ್ಲ' ಅಂತೀರಲ್ಲ, ನಮ್ಮ ಮಂಡ್ಯ ಸೀಮೆಯ 'ತಿಥಿ' ನೋಡಿಲ್ವಾ? ಜಮೀನು ಮಾರೋಕೆ ಬದುಕಿರೋ ಅಪ್ಪನಿಗೇ ಡೆತ್ ಸರ್ಟಿಫಿಕೇಟ್ ಮಾಡ್ಸೋ ಮಗ, ಹೆತ್ತಪ್ಪ ಸತ್ರೂ ತಲೆ ಕೆಡಿಸ್ಕೊಳ್ದೆ ಕುಡ್ಕೊಂಡು ಹೊಲ ಸುತ್ತೋ ಗಡ್ಡಪ್ಪ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ತಗೊಂಡ ಸಿನಿಮಾ ಅದು. ಅದೂ ಬೇಡ, ಕುಮಾರವ್ಯಾಸನ್ನ ಗಮಕದಲ್ಲಿ ಕೇಳ್ತಾ ತಲೆದೂಗ್ತೀವಲ್ಲ, ಐದು ಜನಕ್ಕೆ ಒಬ್ಬಳು ಹೆಂಡ್ತಿ, 'ಇದೂ ಒಂದು ಕುಟುಂಬಾನಾ' ಅಂತ ಯಾರಾದ್ರೂ ಎದ್ದು ಕೇಳಿದ್ದಿದ್ಯಾ? ಕರಾವಳಿಗೆ ಹೋದ್ರೆ ಅಳಿಯಸಂತಾನ, ಅಲ್ಲಿ ವಂಶ ಲೆಕ್ಕ ಹಾಕೋದೇ ತಾಯಿ ಕಡೆಯಿಂದ.

ನಾನು ಬೆಳೆದಿದ್ದು ಚಾಮರಾಜಪೇಟೆಯ ವಠಾರದಲ್ಲಿ. ಎದುರುಮನೇಲಿ ಇಬ್ರು ಹೆಂಗಸರು, ಒಬ್ರು ಗಂಡ ಹೋಗಿದ್ದ ಟೀಚರಮ್ಮ, ಇನ್ನೊಬ್ರು ಅವರ ಕ್ಲಾಸ್‌ಮೇಟು, ಮದ್ವೆ ಆಗಿರ್ಲಿಲ್ಲ. ಇಬ್ರೂ ಸೇರಿ ಒಬ್ಬ ಹುಡುಗನ್ನ ಸಾಕ್ತಿದ್ರು. ರೇಷನ್ ಕಾರ್ಡ್ ಮಾಡ್ಸೋಕೆ ಹೋದಾಗ ಗುಮಾಸ್ತ "ಇವರು ನಿಮಗೇನಾಗ್ಬೇಕು?" ಅಂದ್ನಂತೆ. ಟೀಚರಮ್ಮ ಸ್ವಲ್ಪ ಹೊತ್ತು ಯೋಚ್ನೆ ಮಾಡಿ "ಸೀಮೆಎಣ್ಣೆ ಕ್ಯೂನಲ್ಲಿ ನಿಂತ್ಕೊಳ್ಳೋರು" ಅಂದ್ರಂತೆ. ಆತ ತಲೆ ಎತ್ತದೆ 'ನಾದಿನಿ' ಅಂತ ಬರ್ಕೊಂಡ. ಆ ನಾದಿನಿ ಕೈಯಲ್ಲಿ ನಾನೆಷ್ಟು ಸಾರನ್ನ ತಿಂದಿದೀನೋ ಲೆಕ್ಕ ಇಲ್ಲ.

ಸುಪ್ರೀಂ ಕೋರ್ಟೇ 2022ರ ಆಗಸ್ಟಲ್ಲಿ ಒಬ್ಬ ನರ್ಸ್ ಕೇಸಲ್ಲಿ, ಗಂಡನ ಮೊದಲ ಸಂಬಂಧದ ಮಕ್ಕಳಿದಾರೆ ಅಂತ ಹೆರಿಗೆ ರಜೆ ಕೊಡ್ದೇ ಇದ್ದಿದ್ದು ತಪ್ಪು, ಅಪ್ಪ ಅಮ್ಮ ಮಕ್ಕಳು ಅಷ್ಟೇ ಕುಟುಂಬ ಅಲ್ಲ ಅಂದಿದೆ. ನೀವಿನ್ನೂ ಆ ಗುಮಾಸ್ತನ ಹತ್ರಾನೇ ನಿಂತಿದೀರಿ.

ನನ್ನ ಸಂಕಟ ಬೇರೆ. ಇಂಥ ಸಣ್ಣ ಕಾಮಿಡಿಗಳನ್ನ ಬೆಂಗಳೂರಲ್ಲಿ ಥಿಯೇಟರಲ್ಲಿ ನೋಡೋದೆಲ್ಲಿ? ಕಪಾಲಿ ಥಿಯೇಟರ್ ಒಡೆದು ಹಾಕಿದ್ರು, ಮಲ್ಟಿಪ್ಲೆಕ್ಸಲ್ಲಿ ಬೆಳಗ್ಗೆ ಒಂಬತ್ತೂವರೆಗೆ ಒಂದೇ ಶೋ, ಶುಕ್ರವಾರ ಬಂದಿದ್ದು ಸೋಮವಾರಕ್ಕೆ ಮಾಯ. 2025ರಲ್ಲಿ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕ್ತು, ಹೈಕೋರ್ಟಲ್ಲಿ ತಡೆಯಾಜ್ಞೆ ಬಂತು. ಪಾಪ್‌ಕಾರ್ನ್ ರೇಟಂತೂ ಕೇಳ್ಲೇಬೇಡಿ.

ಅಂದಹಾಗೆ ಮಗಳು ನಕ್ಕಳು ಅಂತ ಬರೆದಿದೀರಿ, ಯಾವ ಸೀನಿಗೆ ಅಂತ ಬರೆದಿಲ್ಲ. ಕೇಳಿ ಬರೀರಿ, ಅವಳ ಹೆಸರಲ್ಲೇ ಬರಲಿ ಪತ್ರ.